ಪಕ್ಕಾ ಬಣ್ಣ

ಬೆಳಿಗ್ಗೆ ಆರಕ್ಕೆ ಬರುವ ನೀರು ಕೆಂಪು,
ಏಳೂವರೆಗೆ ನೇರಳೆ,
ಸೋಮವಾರ ಮಾತ್ರ ಬರೀ ಕಪ್ಪು:
ರಜೆಯ ದಿನ ಹಂಡೆ ತಿಕ್ಕಿರುತ್ತಾರೆ.
ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ
ಈ ತಗಡಿನ ಷೆಡ್ಡಿನಲ್ಲಿ
ಆರು ಬೀಕರು ಸಾಲಾಗಿಟ್ಟು
ಒಂದಕ್ಕಿಂತ ಒಂದಕ್ಕೆ ಚಿಟಿಕೆ ಹೆಚ್ಚು ಪಟಿಕ ಹಾಕುತ್ತೇನೆ,
ಸುಣ್ಣದ ತಿಳಿ ಬಿಡುತ್ತೇನೆ.
ಕಡ್ಡಿ ತಿರುಗಿ ನಿಂತ ಮೇಲೆ
ಒಡೆದ ಹಾಲಿನ ಹಾಗೆ
ಬಣ್ಣ ಕರಣೆ ಕಟ್ಟಿ ತಳಕ್ಕೆ ಕೂರುತ್ತದೆ.

ಎಲ್ಲ ಬಣ್ಣವೂ ಅಲ್ಲ.
ರಿಯಾಕ್ಟಿವ್ ಕೆಂಪು ಕೂರುವುದಿಲ್ಲ.
ಅದು ನನ್ನಪ್ಪನ ಕೆಂಪು.

ನೀಲಗಾರರ ಓಣಿಯ ಗುರುಲಿಂಗಪ್ಪನಿಗೆ
ಮೊಣಕೈತನಕ ಬಣ್ಣ.
ಊಟಕ್ಕೆ ಕೂತಾಗ
ಬಿಳಿ ಜೋಳದ ರೊಟ್ಟಿಯ ಮೇಲೆ ಬೆರಳಿನ ಗುರುತು
ಬಿದ್ದೀತೇನೋ ಎಂದು ಕದ್ದು ನೋಡುತ್ತಿದ್ದೆ.
‘ಯಾಕ ಬೀಳ್ತೈತಿ? ಪಕ್ಕಾ ಐತಿ ಇದು.’
ಒದ್ದೆ ಬಿಳಿ ಅರಿವೆಯಿಂದ ಚಾದರ ಉಜ್ಜಿ
ನನ್ನ ಮುಂದೆ ಹಿಡಿಯುತ್ತಿದ್ದ:
‘ನೋಡು, ಏನರ ಹತ್ತೈತಿ?’
ಏನೂ ಹತ್ತಿರುತ್ತಿರಲಿಲ್ಲ.
ಹತ್ತು ವರ್ಷದ ಮೇಲೆ ಮರಳಿ ಬಂದ ಗಿರಾಕಿಯೊಬ್ಬ
‘ಬಣ್ಣ ಇನ್ನೂ ಹಾಂಗೇ ಐತ್ರಿ’ ಎಂದದ್ದನ್ನು
ಅಪ್ಪ ಪಗಾರಕ್ಕಿಂತ ಹೆಚ್ಚು ಸಲ ಎಣಿಸಿದ್ದಾನೆ.

ಅರಿವೆಗೆ ಹತ್ತಿದ್ದರ ಮಾತು ಅದು.
ಹತ್ತದೆ ಹಂಡೆಯಲ್ಲೇ ಉಳಿದ ಪಾಲು
ಅದೇ ಹಟ ಹೊತ್ತು ಹಳ್ಳಕ್ಕೆ ಇಳಿಯಿತು –
ಬಿಸಿಲಿಗೆ ಬಿಡದು, ಸೋಸಿದರೆ ಬಿಡದು.
ಕೆಳಗಿನ ದಂಡೆಯಲ್ಲಿ ಮೆಂತ್ಯ ಹಾಕುವ ಕಾಂತಾಬಾಯಿ
ಒಂದು ದಿನ ತಂಬಿಗೆ ಹಿಡಿದು ಬಂದಳು:
‘ಬೋರಿನ ನೀರಿಗೆ ಶರಬತ್ತಿನ ಬಣ್ಣ ಬಂದೈತಿ ತಂಗಿ,
ಎಮ್ಮಿ ಮೂಸಿ ಹಿಂದ ಸರೀತೈತಿ.’

ಮ್ಯಾನೇಜರ್ ಹೇಳಿದರು, ಬ್ಲೀಚಿಂಗ್ ಪೌಡರ್ ಸುರಿ,
ನೋಡಾಕ ಬರೋರು ಕಣ್ಣಿಲೆ ನೋಡಿ ಹೋಗ್ತಾರ.
ಒಂದು ರಾತ್ರಿ ಸುರಿದೆ. ಹೌದು, ನಾನೇ.
ಅರ್ಧ ತಾಸಿಗೆ ನೀರು ಗಾಜಿನಂತೆ.
ಆಚೆಯ ಗೋಡೆಯ ಗಡಿಯಾರ ಈಚೆಯಿಂದ
ಬೀಕರಿನ ಒಳಗೇ ಕಾಣುತ್ತಿತ್ತು.
ಖುಷಿಗೆ ಮೂರು ಸಣ್ಣ ಮೀನು ಬಿಟ್ಟೆ.
ಬೆಳಗಾಗುವುದರೊಳಗೆ
ಆ ತಿಳಿಯಾದ ನೀರಿನಲ್ಲಿ
ಮೂರೂ ಹೊಟ್ಟೆ ಮೇಲೆ ಮಾಡಿದ್ದವು.

ಕೆಂಪಾಗಿದ್ದಾಗ
ಕಡೇಪಕ್ಷ ಎಮ್ಮೆಗಾದರೂ ಗೊತ್ತಾಗುತ್ತಿತ್ತು.

ಆಮೇಲೆ ನಾನು ಆ ಚೀಲ ಮುಟ್ಟಲಿಲ್ಲ.
ಈಗ ಎರಡು ತೊಟ್ಟಿ, ಮೂರು ದಿನ.
ಗಾಳಿಯಿಲ್ಲದ ಮೊದಲ ತೊಟ್ಟಿಯಲ್ಲಿ
ಕಣ್ಣಿಗೆ ಕಾಣದ ಜೀವಗಳು ಬಣ್ಣದ ಗಂಟು ಬಿಚ್ಚುತ್ತವೆ,
ಬಿಚ್ಚಿದ್ದು ಇನ್ನೂ ವಿಷವೇ.
ಗುಳುಗುಳು ಗಾಳಿಯಾಡುವ ಎರಡನೆಯದರಲ್ಲಿ
ಬೇರೆ ಜೀವಗಳು ಅದನ್ನು ತಿಂದು ಮುಗಿಸುತ್ತವೆ,
ಮುಗಿಸಿದಷ್ಟು.
ಕೊನೆಗೆ ತೆಂಗಿನ ಕರಟದ ಇದ್ದಿಲು.
ದೀಪಾವಳಿ ರಜೆಗೆ ಬಣ್ಣ ಬರುವುದಿಲ್ಲ,
ಪಾಪ, ಅವು ಉಪವಾಸ ಬೀಳುತ್ತವೆಂದು
ಹೊಸ ಸೀರೆಯಲ್ಲೇ ಬಂದು
ಒಂದು ಬಕೀಟು ಬೆಲ್ಲದ ನೀರು ಹೊಯ್ದು ಹೋಗುತ್ತೇನೆ.
ತಳದ ಕೆಸರು ಹಿತ್ತಿಲಲ್ಲಿ ನಲವತ್ತು ಚೀಲ,
ತಾಡಪತ್ರಿ ಹೊದ್ದು, ಒಯ್ಯುವ ಲಾರಿಗೆ ಕಾಯುತ್ತಿದೆ.
ಹೋದ ತಿಂಗಳೂ ಕಾಯುತ್ತಿತ್ತು.

ನಿನ್ನೆ ಅಪ್ಪ ಬಂದಿದ್ದ.
ಕಣ್ಣಿಗೆ ಪೊರೆ ಬಂದಿದೆ,
ಗೋಡೆ ಹಿಡಿದೇ ತೊಟ್ಟಿ ಸುತ್ತಿದ.
ಏನನ್ನೂ ಕೇಳಲಿಲ್ಲ.
ಹೊರಗೆ ಬೀಳುವ ನೀರಿನ ಬಾಯಿಗೆ
ಹೆಗಲ ಮೇಲಿನ ಬಿಳಿ ಟವೆಲ್ ಒಡ್ಡಿ,
ನೆನೆಸಿ, ಹಿಂಡಿ, ಬಿಸಿಲಿಗೆ ಹಿಡಿದ.

‘ನೋಡು, ಏನರ ಹತ್ತೈತಿ?’

ನೋಡಿದೆ. ಅಂಚಿಗೆ,
ಹೌದೋ ಅಲ್ಲವೋ ಎನ್ನುವಷ್ಟು.
ಇಲ್ಲ ಎಂದಿದ್ದರೆ ನಂಬುತ್ತಿದ್ದ.

‘ಒಂದೀಟು ಐತಿ, ಅಪ್ಪಾ.’

‘ಹಾಂಗಾದ್ರ ಮತ್ತೊಂದ್ ಸಲ ಹಾಕು’ ಎಂದ,
ಕುದಿಯುವ ಹಂಡೆಯ ಮುಂದೆ
ಆಳುಗಳಿಗೆ ಹೇಳುತ್ತಿದ್ದ
ಅದೇ ದನಿಯಲ್ಲಿ.